ಮಂದಿ ಮನೆಯ ಫರ್ಸಿ

ಮನೆ ಬದಲಿಸುವಾಗ ನಾವು ಹಾಸಿಗೆ, ಭಾಂಡೆಗಳಿಗಿಂತ ಮೊದಲು ಬಂಡಿಗೆ ಕಲ್ಲು ಹೇರುತ್ತಿದ್ದ ಕಾಲವದು. ಶಹಾಬಾದಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರು ನಗಬೇಡಿ, ಹೇಳುತ್ತೇನೆ.

ಅಪ್ಪ ಖಣಿಯಲ್ಲಿ ಫರ್ಸಿ ತೆಗೆಯುವ ಕೆಲಸಕ್ಕಿದ್ದ. ಫರ್ಸಿ ಎಂದರೆ ನೆಲಕ್ಕೆ ಹಾಸುವ ನಮ್ಮೂರಿನ ಚಪ್ಪಟೆ ಕಲ್ಲು. ಪಗಾರ ಸಂತೆಯ ದಿನ ಕೈಗೆ ಬರುತ್ತಿತ್ತು. ಓಣಿಯ ಉಳಿದ ಮನೆಗಳಲ್ಲಿ ಮೊದಲು ಸಂತೆ, ಆಮೇಲೆ ಏನಾದರೂ ಮಿಕ್ಕರೆ ಉಳಿತಾಯ. ನಮ್ಮವ್ವನದು ಉಲ್ಟಾ. ಒಂದು ಫರ್ಸಿಯ ಹಣವನ್ನು ಅಪ್ಪ ಮಾಲಕನ ಹತ್ತಿರವೇ ಮುರಿಸಿ ಬರಬೇಕು, ಉಳಿದದ್ದರಲ್ಲಿ ಸಂತೆ ಮಾಡಬೇಕು. ಖಣಿಯ ಟ್ರ್ಯಾಕ್ಟರ್ ನಮ್ಮ ಓಣಿಗೆ ಬಂದಾಗ ಡ್ರೈವರ್ ಕಲ್ಲು ಇಳಿಸಿ ಹೋಗುತ್ತಿದ್ದ. ಅವ್ವ ಅದನ್ನು ಬೆರಳಿನಿಂದ ಬಡಿದು, ಠಣ್ ಎಂದರೆ ಮಾತ್ರ ಒಳಗೆ ತೆಗೆದುಕೊಳ್ಳುತ್ತಿದ್ದಳು.

ರೊಕ್ಕವನ್ನೇ ಕೂಡಿಡಬಾರದೇ ಎಂದು ಅಕ್ಕ ಒಮ್ಮೆ ಕೇಳಿದ್ದಳು. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಲಿಲ್ಲ.

"ರೊಕ್ಕ ಅದ ಅಂತ ಗೊತ್ತಾದ್ರ ಹತ್ತು ಮಂದಿ ಕೈಗಡ ಕೇಳ್ತಾರ. ನಿಮ್ಮಪ್ಪಗ ಇಲ್ಲ ಅನ್ಲಿಕ್ಕೆ ಬರಂಗಿಲ್ಲ. ಕಲ್ಲು ಯಾರು ಕೈಗಡ ಕೇಳ್ತಾರ?"

ನಿಜವೇ. ಅಪ್ಪನ ಅಂಗಿ ಜೇಬು ಊರಿಗೆಲ್ಲ ತೆರೆದ ಬಾಗಿಲು. ಅವ್ವನ ಬಾಗಿಲು ಮಾತ್ರ ಕಲ್ಲಿನದು. ಒಂದು ಜಾಗ ಹಿಡಿಯಬೇಕು, ಮನೆ ಕಟ್ಟಬೇಕು, ಅಷ್ಟೊತ್ತಿಗೆ ನೆಲಕ್ಕೆ ಬೇಕಾದ ಫರ್ಸಿಯೆಲ್ಲ ತಯಾರಿರಬೇಕು. ಇದು ಅವಳ ಪ್ಲಾನು.

ಅಲ್ಲಿಯವರೆಗೆ ಬಾಡಿಗೆ ಮನೆ. ಅಂಗಳದ ಗೋಡೆಗೆ ಫರ್ಸಿಗಳು ಆನಿಕೊಂಡು ನಿಂತಿರುತ್ತಿದ್ದವು. ನಮಗೆ ಅವೇ ಪಾಟಿ, ಅವೇ ಆಟದ ಅಂಗಡಿ. ಅಕ್ಕ ಅವುಗಳ ಮೇಲೆ ಬಳಪದಿಂದ ಲೆಕ್ಕ ಬಿಡಿಸುತ್ತಿದ್ದಳು, ನಾನು ಗುಬ್ಬಿ ಬರೆಯುತ್ತಿದ್ದೆ. ಬೇಸಿಗೆಯಲ್ಲಿ ಸಂಜೆ ನೀರು ಚಿಮುಕಿಸಿದರೆ ಕಲ್ಲಿನಿಂದ ಒಂದು ವಾಸನೆ ಏಳುತ್ತಿತ್ತು. ಆ ತಂಪಿಗೆ ಬೆನ್ನು ಕೊಟ್ಟು ಕೂತು ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ತಿನ್ನುವುದೆಂದರೆ, ಆಹಾ, ಈಗ ಯಾವ ಹೋಟೆಲಿನಲ್ಲೂ ಸಿಗದ ಊಟ. ಒಮ್ಮೆ ಮನೆ ಬದಲಿಸುವಾಗ ಬಂಡಿಯಿಂದ ಒಂದು ಫರ್ಸಿ ಜಾರಿ ಎರಡು ಹೋಳಾಯಿತು. ಅವ್ವ ರಸ್ತೆಯಲ್ಲೇ ಕೂತು ಅತ್ತಳು. ನನಗೆ ನಾಚಿಕೆಯಾಗಿ ಬಂಡಿಯ ಹಿಂದೆ ಅಡಗಿಕೊಂಡೆ.

ತಮಾಷೆ ನೋಡಿ, ಇಷ್ಟು ಫರ್ಸಿಯ ಒಡತಿ ತಾನು ಮಾತ್ರ ಮಣ್ಣಿನ ನೆಲದ ಮೇಲೆ ಸಂಸಾರ ಮಾಡುತ್ತಿದ್ದಳು. ಆಗ ನಾವಿದ್ದ ಮನೆಯ ಮಾಲಕಿ ಚಾಂದಬೀ, ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಬಾಡಿಗೆ ಅಗ್ಗ, ಆದರೆ ಮಳೆಗಾಲದಲ್ಲಿ ನೆಲದಿಂದ ಥಂಡಿ ಏಳುತ್ತಿತ್ತು. ಎಷ್ಟು ಸಾರಿಸಿದರೂ ಒಣಗುತ್ತಿರಲಿಲ್ಲ. ಹಾಸಿದ ಕೌದಿ ಬೆಳಿಗ್ಗೆ ಹಿಂಡುವಷ್ಟು ಹಸಿ. ಅವ್ವನಿಗೆ ಮೊದಲೇ ದಮ್ಮಿನ ಕಾಯಿಲೆ. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಲೆ ಊದಲು ಕೂತರೆ ಉಸಿರು ಸಿಗದೆ ಅವಳ ಕುತ್ತಿಗೆಯ ನರಗಳು ಹುರಿಯಂತೆ ಬಿಗಿಯುತ್ತಿದ್ದವು.

ಇವಳು ಹಸಿ ನೆಲದ ಮೇಲೆ ಮಲಗಬಾರದು ಎಂದರು ಡಾಕ್ಟರು. ಅಡುಗೆ ಮನೆಗಷ್ಟಾದರೂ ಫರ್ಸಿ ಹಾಸೋಣ ಎಂದ ಅಪ್ಪ. ಅಕ್ಕ ಕಾಲಿಗೆ ಬಿದ್ದಳು. ಖಾಲಾ ಕೂಡ ನನ್ನದೇನೂ ತಕರಾರಿಲ್ಲ ಎಂದರು. ಅವ್ವ ಕೆಮ್ಮು ನಿಲ್ಲುವವರೆಗೆ ಕಾದು ಒಂದೇ ಮಾತು ಹೇಳಿದಳು.

"ಮಂದಿ ಮನ್ಯಾಗ ಹಾಸಿದ್ರ ಮಂದೀದೇ ಆಗ್ತದ."

ಅದರ ಮೇಲೆ ಯಾರದೂ ನಡೆಯಲಿಲ್ಲ. ಹಠಮಾರಿ ಹೆಂಗಸು. ಬರೆಯುವಾಗ ಈಗಲೂ ನನಗೆ ಸಿಟ್ಟೇ ಬರುತ್ತದೆ.

ಶ್ರಾವಣದಲ್ಲಿ ದಮ್ಮು ವಿಪರೀತವಾಗಿ ಅವಳನ್ನು ಕಲಬುರಗಿಯ ದವಾಖಾನೆಗೆ ಸೇರಿಸಿದರು. ಜೊತೆಗೆ ಚಿಂಚೋಳಿಯಿಂದ ಬಂದ ಅತ್ತೆ ಉಳಿದಳು. ಅಪ್ಪ ಊರಿಗೆ ಬಂದವನೇ ಅಂಗಿ ಕಳಚಿ, ಅಡುಗೆ ಮನೆಯ ನೆಲ ಅಗೆಯತೊಡಗಿದ. ಅಕ್ಕ ಉಸುಕು ಹೊತ್ತಳು, ನಾನು ನೀರು ತಂದೆ. ಸಿಮೆಂಟು ಹಾಕಬೇಡ, ಮುಂದೆ ಕಿತ್ತು ಒಯ್ಯಲು ಬರಬೇಕು ಎಂದು ಅಕ್ಕ ನೆನಪಿಸಿದಾಗ ಅಪ್ಪ ನಕ್ಕ. ಊರ ಮಂದಿಯ ಮನೆಗಳಿಗೆ ಫರ್ಸಿ ತೆಗೆದು ಕೊಟ್ಟವನು ತನ್ನ ಸಂಸಾರದ ನೆಲಕ್ಕೆ ಹಾಸಿದ್ದು ಅದೇ ಮೊದಲು. ನಾಲ್ಕು ಮೂಲೆಯೂ ಕೂರುವ ತನಕ ಒಂದೊಂದು ಕಲ್ಲನ್ನೂ ಕೈಯಿಂದ ತಟ್ಟಿ ತಟ್ಟಿ ನೋಡಿದ. ಕೆಲಸ ಮುಗಿದಾಗ ನಾವು ಮೂವರೂ ಅಲ್ಲೇ ಕೂತು ಮಿರ್ಚಿ ಭಜಿ ತಿಂದೆವು. ಅಷ್ಟು ಖುಷಿಯ ದಿನ ಆ ಮನೆಯಲ್ಲಿ ಇನ್ನೊಂದಿರಲಿಲ್ಲ.

ಅವ್ವ ಬಂದಳು. ಅಪ್ಪನ ತೋಳು ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತು ನೋಡಿದಳು.

"ಯಾರಿಗಿ ಕೇಳಿ ಹಾಸೀರಿ?"

ಮಳೆಗಾಲ ಕಳೆಯಲಿ, ಕಿತ್ತುಬಿಡುತ್ತೇನೆ ಎಂದ ಅಪ್ಪ. ಅವ್ವ ಚಪ್ಪಲಿ ಬಿಟ್ಟು ಕಾಲಿಟ್ಟಳು. ನಾನು ಅವಳ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದೆ. ಹಿಮ್ಮಡಿ ಒಡೆದ ಆ ಪಾದ ಒಂದು ಕಲ್ಲಿನಿಂದ ಇನ್ನೊಂದಕ್ಕೆ ನಿಧಾನ ಹೋಗಿ, ತಿರುಗಿ ಬಂತು. ಆಮೇಲೆ ಒಲೆಯ ಮುಂದೆ ಕೂತು ಅಂಗೈಯಿಂದ ಫರ್ಸಿ ಸವರಿದಳು. ಕೌದಿ ಇಲ್ಲೇ ಹಾಸು ಎಂದಳು ಅಕ್ಕನಿಗೆ.

ದಿನವೂ ಕೇಳುತ್ತಿದ್ದಳು, ಯಾವಾಗ ಕೀಳ್ತೀರಿ ಎಂದು. ದಿನವೂ ಒದ್ದೆ ಬಟ್ಟೆಯಿಂದ ತಾನೇ ಒರೆಸುತ್ತಿದ್ದಳು. ಮಳೆ ನಿಂತಿತು, ಆದರೆ ಅಪ್ಪನಿಗೆ ಕೀಳುವ ಕೆಲಸ ಬೀಳಲಿಲ್ಲ. ದೀಪಾವಳಿಗೆ ಮೊದಲೇ ಅವ್ವ ಆ ಫರ್ಸಿಯ ಮೇಲೆಯೇ ಹೋಗಿಬಿಟ್ಟಳು. ನೆಲ ಒಣಗಿತ್ತು. ಅವಳ ಎದೆ ಮಾತ್ರ ಎಂದೋ ಹಸಿ ಕುಡಿದುಬಿಟ್ಟಿತ್ತು. ಹಿಂದಿನ ಮಳೆಗಾಲಕ್ಕೇ ಹಾಸಿದ್ದರೆ ಎಂದು ಅಕ್ಕ ಎದೆ ಬಡಿದುಕೊಂಡು ಅತ್ತದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಆ ಮನೆ ಬಿಡುವಾಗ ಅಪ್ಪ ಕಬ್ಬಿಣದ ಹಾರೆ ತಂದು ಫರ್ಸಿಯ ಸಂದಿಗೆ ಕೊಟ್ಟ. ಒತ್ತಲಿಲ್ಲ. ಹಾಗೇ ಕೂತ. ನಿಮ್ಮ ಕಲ್ಲು ನೀವು ಒಯ್ಯಿರಿ ಎಂದು ಖಾಲಾ ಎರಡೆರಡು ಸಲ ಹೇಳಿದರು.

"ಇರ್ಲಿ ಬಿಡ್ರಿ. ಅಕಿ ಅಡ್ಡಾಡಿದ್ದು ಇದೊಂದೇ ಫರ್ಸಿ," ಎಂದ ಅಪ್ಪ.

ಅಂಗಳದಲ್ಲಿದ್ದವು ಅಕ್ಕನ ಲಗ್ನಕ್ಕೆ ಮಾರಿಹೋದವು. ಜಾಗವೂ ಇಲ್ಲ, ಮನೆಯೂ ಇಲ್ಲ. ಅಪ್ಪ ಕೊನೆಯವರೆಗೆ ಬಾಡಿಗೆ ಮನೆಯಲ್ಲೇ ಇದ್ದ.

ನಾನೀಗ ಸೇಡಂನಲ್ಲಿ ಸಾಲದ ಮನೆಯಲ್ಲಿದ್ದೇನೆ. ಕಂತು ಯಾವಾಗ ಹೋಗುತ್ತದೋ ಫೋನಿಗೇ ಗೊತ್ತು. ಉಳಿತಾಯವೂ ಅದರೊಳಗೇ ಎಲ್ಲೋ ಇದೆಯಂತೆ, ಗಂಡ ತೋರಿಸುತ್ತಾರೆ, ನಾನು ಹೂಂ ಎನ್ನುತ್ತೇನೆ. ಬೆರಳಿನಿಂದ ಬಡಿದರೆ ಠಣ್ ಎನ್ನುವುದಿಲ್ಲ, ಬೆನ್ನಿಗೆ ತಂಪಾಗುವುದಿಲ್ಲ. ನನ್ನ ಮಗಳಿಗೆ ಮನೆಯ ಹಣ ಹೇಗೆ ಬೆಳೆಯುತ್ತದೆ ಎಂದು ತೋರಿಸಲು ಅಂಗಳದಲ್ಲಿ ಏನೂ ಇಲ್ಲ. ನೆಲಕ್ಕೆ ಟೈಲ್ಸ್ ಇದೆ. ಅದರ ಮೇಲೆ ನಡೆಯುವಾಗ ಒಮ್ಮೊಮ್ಮೆ ಸುಮ್ಮನೆ ಅಳು ಬರುತ್ತದೆ.

ಮೊನ್ನೆ ಶಹಾಬಾದಿಗೆ ಲಗ್ನಕ್ಕೆ ಹೋದವಳು ಆ ಓಣಿಗೂ ಹೋದೆ. ಖಾಲಾ ಇಲ್ಲ. ಅವರ ಸೊಸೆ ಗುರುತಿಲ್ಲದಿದ್ದರೂ ಬರ್ರಿ, ಕುಂದ್ರಿ ಎಂದು ಅಡುಗೆ ಮನೆಯಲ್ಲೇ ಚಾಪೆ ಹಾಸಲು ಬಂದಳು. ಚಾಪೆ ಬೇಡವೆಂದು ಬರಿ ನೆಲಕ್ಕೆ ಕೂತೆ. ಇಷ್ಟು ವರ್ಷದ ಓಡಾಟಕ್ಕೆ ಫರ್ಸಿ ಕನ್ನಡಿಯಷ್ಟು ನುಣುಪಾಗಿತ್ತು. ಆಕೆಯ ಕೂಸು ಅದರ ಮೇಲೆ ಅಂಬೆಗಾಲಿಡುತ್ತಿತ್ತು. ಚಹಾ ಕೊಡುತ್ತಾ ಆಕೆ ಹೆಮ್ಮೆಯಿಂದ ಹೇಳಿದಳು, "ನಮ್ಮ ಅತ್ತಿ ಹಾಸ್ಸಿದ್ದಂತ್ರಿ ಇದು. ಎಷ್ಟು ಮಳಿ ಬಂದ್ರೂ ಥಂಡಿ ಏಳಂಗಿಲ್ಲ."

ನಾನು ಹೌದು, ಭಾಳ ಛಲೋ ಅದ ಎಂದೆ. ಮಂದೀದೇ ಆಗ್ತದ ಎಂದಿದ್ದ ಅವ್ವನ ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ. ಇದೊಂದಾದರೂ ತಪ್ಪಬಾರದಿತ್ತೇ ಎಂದುಕೊಳ್ಳುತ್ತ, ಲೋಟ ಕೆಳಗಿಟ್ಟು, ಅಂಗೈಯನ್ನು ಒಮ್ಮೆ ಆ ಕಲ್ಲಿಗೆ ಒತ್ತಿ ಎದ್ದೆ.