ತೊಟ್ಟಿಲ ಕೊಂಡಿಯ ಕೆಳಗೆ

ಹಳೆಯ ನೂಲಿನ ಸೀರೆ ಹರಿಯುವ ಸದ್ದು ನಿಮಗೂ ಗೊತ್ತಿರಬೇಕು. ಅಂಚನ್ನು ಹಲ್ಲಿನಿಂದ ಚೂರು ಕಚ್ಚಿ ಎರಡೂ ಕೈಯಿಂದ ಎಳೆದರೆ ಪರ್ ಎಂದು ಒಂದೇ ಉಸಿರಿಗೆ ಸೆರಗಿನವರೆಗೆ ಓಡುತ್ತದೆ. ಜೊತೆಗೇ ನವಿರಾದ ಧೂಳು ಏಳುತ್ತದೆ. ಅದರಲ್ಲಿ ಟ್ರಂಕಿನ ತಗಡು, ಒಣಗಿದ ಬೇವಿನೆಲೆ, ಹಳ್ಳದ ನೀರಿನಲ್ಲಿ ಒಗೆದು ಒಗೆದು ಮೆತ್ತಗಾದ ಬಟ್ಟೆ, ಎಲ್ಲದರ ವಾಸನೆಯೂ ಇರುತ್ತದೆ. ಮೊನ್ನೆ ಬೈಲಹೊಂಗಲದ ನನ್ನ ಮನೆಯಲ್ಲಿ ಹೊದೆಯಲು ಕೌದಿ ಹೊಲಿಯಲೆಂದು ಅವ್ವನ ಸೀರೆಯೊಂದನ್ನು ಹರಿಯಲು ಕುಳಿತೆ. ಮೊದಲ ಪಟ್ಟಿ ಹರಿದಾಗಲೇ ಕೈ ನಿಂತುಬಿಟ್ಟಿತು. ನಮ್ಮ ಊರಿನ ಪಡಸಾಲೆ, ಕಂಬಕ್ಕೆ ಒರಗಿ ಕುಳಿತ ನಾನು, ಚಿಂದಿಯ ಗಂಟು ಬಿಚ್ಚುತ್ತಿದ್ದ ಅಪ್ಪನ ಅವ್ವ ಆಯಿ, ಮೀಸೆಯ ಮರೆಯಲ್ಲೇ ಗೊಣಗುತ್ತಿದ್ದ ಅಜ್ಜ, ಛತ್ರಿಯನ್ನು ಮೂಲೆಗಿಟ್ಟು ಸೆರಗು ಸಿಕ್ಕಿಸುತ್ತಿದ್ದ, ಸಾಲಿ ಕಲಿಸುವ ಅಕ್ಕೋರು, ಎಲ್ಲರೂ ಒಮ್ಮೆಲೇ ಬಂದು ನಿಂತರು. ಅವತ್ತು ಕೌದಿಯ ಕೆಲಸ ಅಲ್ಲಿಗೇ ನಿಂತಿತು.

ದೊಡವಾಡದ ಕಡೆಯ ಎರಿ ಸೀಮೆಯ, ಕಪ್ಪು ಜಿಗುಟು ಮಣ್ಣಿನ, ಸಣ್ಣ ಊರು ನಮ್ಮದು. ದೊಡ್ಡ ಬಾಗಿಲು ದಾಟಿದರೆ ಒಂದು ಕಡೆ ಎತ್ತು ಕಟ್ಟಿ ಮೇವು ಹಾಕುವ ಗ್ವಾದಲಿ, ಇನ್ನೊಂದು ಕಡೆ ಎತ್ತರದ ಪಡಸಾಲೆ. ಸುಗ್ಗಿಯಲ್ಲಿ ಜೋಳದ ಚೀಲ ಒಟ್ಟಿದ ಮೇಲೂ ಅಲ್ಲಿ ಹತ್ತಾರು ಮಂದಿ ಊಟಕ್ಕೆ ಕೂಡುವಷ್ಟು ಜಾಗ ಉಳಿಯುತ್ತಿತ್ತು. ಮಾಡಿನ ನಡುವಿನ ತೊಲೆಗೆ ಹೆಬ್ಬೆರಳು ದಪ್ಪದ ಒಂದು ಕಬ್ಬಿಣದ ಕೊಂಡಿ ಇತ್ತು. ಅಪ್ಪನ ತೊಟ್ಟಿಲು, ಕಾಕಾಗಳ ತೊಟ್ಟಿಲು, ಕೊನೆಗೆ ನನ್ನ ತೊಟ್ಟಿಲು, ಎಲ್ಲವೂ ಅದಕ್ಕೇ ತೂಗಿದ್ದವು. ತೊಟ್ಟಿಲು ಬಿಟ್ಟು ನಡೆಯಲು ಕಲಿತ ವರ್ಷವೇ ನನಗೆ ಜ್ವರ ಬಂದು ಎಡಗಾಲು ಸೊರಗಿತು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದೆ. ಆದರೆ ಸಾಲಿ ಇದ್ದದ್ದು ಹಳ್ಳದ ಆಚೆ. ಮಳೆ ಬಿದ್ದರೆ ಎರಿ ಮಣ್ಣು ಗಟ್ಟಿಮುಟ್ಟಾದ ಕಾಲಿಗೇ ಹೆಂಟೆ ಹೆಂಟೆಯಾಗಿ ಮೆತ್ತಿಕೊಳ್ಳುತ್ತದೆ, ಇನ್ನು ನನ್ನ ಕಾಲಿನ ಪಾಡು ಕೇಳಬೇಕೆ? ಒಂದನೇ ಇಯತ್ತೆಗೆ ಹೆಸರು ಹಚ್ಚಿದ ವಾರದಲ್ಲೇ ಹಳ್ಳದ ದಂಡೆಯಲ್ಲಿ ಹೂತು ಬಿದ್ದಿದ್ದೆ, ಅಜ್ಜ ಎತ್ತಿಕೊಂಡು ಬಂದಿದ್ದ. ಅವತ್ತು ಅವನು ಹಾಕಿದ ಗೆರೆ ಅದು: "ಹುಡುಗಿ ಮನ್ಯಾಗ ಇರ್ಲಿ." ಅಜ್ಜ ಒಮ್ಮೆ ಆಡಿದ ಮಾತಿಗೆ ನಮ್ಮ ಮನೆಯಲ್ಲಿ ಎರಡನೆಯ ಮಾತು ಇರಲಿಲ್ಲ.

ಮುಂದೆ ಒಂದು ಮಳೆಗಾಲದಲ್ಲಿ ಸಾಲಿಯ ಮಾಡು ಕುಸಿಯಿತು. ಪುಣ್ಯಕ್ಕೆ ಅದು ರಜೆಯ ದಿನ. ದೊಡ್ಡ ಹುಡುಗರನ್ನು ಗುಡಿಯಲ್ಲಿ ಕೂಡಿಸಿದರು. ಸಣ್ಣವರಿಗೆ ಜಾಗ ಕೇಳಲು ಊರ ಹಿರಿಯರು ನಮ್ಮ ಮನೆಗೆ ಬಂದರು. "ಎತ್ತ ಬೆದರಿಸಬ್ಯಾಡ್ರಿ, ಅಷ್ಟ," ಎಂದು ಅಜ್ಜ ಒಪ್ಪಿಕೊಂಡ. ನಾನು ಸಾಲಿಗೆ ಹೋಗಲಾರದೆ ಇದ್ದವಳು. ಸಾಲಿಯೇ ನಮ್ಮ ಮನೆಗೆ ನಡೆದು ಬಂದುಬಿಟ್ಟಿತು! ಆ ಖುಷಿಯನ್ನು ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಹಲಗೆ, ನಕಾಶೆ, ಗಂಟೆ, ಒಂದು ಕಟ್ಟಿಗೆಯ ಪೆಟ್ಟಿಗೆ ಎಲ್ಲವೂ ಪಡಸಾಲೆ ಏರಿದವು, ಹಿಂದೆಯೇ ಅಕ್ಕೋರು ಬಂದರು. ರಾಮದುರ್ಗದ ಕಡೆಯವರು, ಹೊಸದಾಗಿ ನೌಕರಿಗೆ ಸೇರಿದವರು. ದಿನಾ ಬೈಲಹೊಂಗಲದ ಬಸ್ಸಿಗೆ ಬಂದು ಇಳಿಯುತ್ತಿದ್ದರು. ಕಂಬದ ಹಿಂದೆ ನಿಂತು ಇಣುಕುತ್ತಿದ್ದ ನನ್ನನ್ನು ನೋಡಿ ಯಾರನ್ನೂ ಏನೂ ಕೇಳದೆ, "ಅಲ್ಯಾಕ ನಿಂತಿ ಗಂಗಾ? ಮುಂದ ಬಂದ ಕುಂದರು," ಎಂದರು. ನನ್ನ ಹೆಸರನ್ನು ಅವ್ವ ಮೊದಲೇ ಅವರ ಕಿವಿಗೆ ಹಾಕಿದ್ದಳೆಂದು ಆಮೇಲೆ ತಿಳಿಯಿತು.

ಬೆಳಿಗ್ಗೆ ಲೆಕ್ಕ, ಓದು, ಬರಹ. ಮಧ್ಯಾಹ್ನ ರೊಟ್ಟಿ ತಿಂದು ಮಕ್ಕಳು ತಿರುಗಿ ಬಂದರೆ, "ಇನ್ನ ಪುಸ್ತಕ ಮಲಗಲಿ," ಎನ್ನುವರು ಅಕ್ಕೋರು. ವೇಳಾಪಟ್ಟಿಯಲ್ಲಿ ಸಂಗೀತ, ಚಿತ್ರಕಲೆ, ಕಾರ್ಯಾನುಭವ ಎಂದೆಲ್ಲ ಬರೆದಿರುತ್ತದೆ. ಬಹಳ ಕಡೆ ಆ ಅವಧಿ ಉಳಿದ ಲೆಕ್ಕ ಮುಗಿಸುವುದಕ್ಕೋ ಅಂಗಳ ಗುಡಿಸುವುದಕ್ಕೋ ಹೋಗುತ್ತಿತ್ತು. ಅಕ್ಕೋರು ಮಾತ್ರ ಅದನ್ನು ಬರೆದವರಿಗಿಂತ ಹೆಚ್ಚಾಗಿ ನಂಬಿದ್ದರು. ಹಳ್ಳದ ಮಣ್ಣು ತರಿಸಿ ಎತ್ತು ಮಾಡಿಸಿದರು. ಬಚ್ಚಲ ನೀರು ಹರಿಯುವಲ್ಲಿ ಮೆಂತ್ಯದ ಮಡಿ ಹಾಕಿಸಿ ಆ ಸೊಪ್ಪಿನ ಪಲ್ಯ ನಮ್ಮ ಕೈಯಿಂದಲೇ ಮಾಡಿಸಿದರು. ಬೀಸುವಾಗ ಹಾಡುತ್ತಿದ್ದ ಆಯಿಯನ್ನು ಕರೆದು ನಮ್ಮ ನಡುವೆ ಕೂಡಿಸಿ, "ಇವತ್ತ ಇವರ ನಿಮ್ಮ ಅಕ್ಕೋರು," ಎಂದುಬಿಟ್ಟರು. ಆಯಿ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮರುದಿನದಿಂದ ಮಾತ್ರ ಗಂಟೆ ಹೊಡೆಯುವ ಮೊದಲೇ ಬಂದು ಕುಳಿತಿರುತ್ತಿದ್ದಳು. ತನ್ನ ಕೌದಿಗೆಂದು ಕೂಡಿಟ್ಟ ಚಿಂದಿಯನ್ನು ಯಾರಿಗೂ ಮುಟ್ಟಗೊಡದ ಮುದುಕಿ, ಕೋಲಾಟಕ್ಕೆ ಹಗ್ಗ ಬೇಕು ಎಂದು ಅಕ್ಕೋರು ಕೇಳಿದ್ದೇ ತಡ, ಇಡೀ ಗಂಟನ್ನೇ ಸುರಿದಳು. ನಾವೆಲ್ಲ ಸಾಲಾಗಿ ಕುಳಿತು ಹಳೆಯ ಸೀರೆ ಹರಿದು, ಹೊಸೆದು, ಎಂಟು ಬಣ್ಣದ ಎಂಟು ಹಗ್ಗ ಮಾಡಿದೆವು. ಅವುಗಳ ತುದಿಗಳನ್ನು ತೊಟ್ಟಿಲ ಕೊಂಡಿಗೆ ಕಟ್ಟಿದವಳೂ ಆಯಿಯೇ.

ಜಡೆ ಕೋಲಾಟ ನೋಡಿದವರಿಗೆ ಅದರ ಚಂದ ಗೊತ್ತು. ಒಬ್ಬೊಬ್ಬರು ಒಂದು ಕೈಯಲ್ಲಿ ಹಗ್ಗದ ತುದಿ, ಇನ್ನೊಂದರಲ್ಲಿ ಕೋಲು ಹಿಡಿದು, ಅರ್ಧ ಮಂದಿ ಈ ಕಡೆಗೆ, ಅರ್ಧ ಮಂದಿ ಆ ಕಡೆಗೆ ತಿರುಗುತ್ತಾರೆ. ಎದುರಿಗೆ ಬಂದವರನ್ನು ಒಮ್ಮೆ ಒಳಗಿಂದ, ಒಮ್ಮೆ ಹೊರಗಿಂದ ದಾಟುತ್ತ ಹೋದಂತೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಆಮೇಲೆ ಅದೇ ಹೆಜ್ಜೆಯಲ್ಲಿ ಹಿಂದಕ್ಕೆ ಕುಣಿದು ಬಿಚ್ಚಬೇಕು. ನನಗೆ ಕುಣಿಯಲು ಬಾರದು. ಅಕ್ಕೋರು ನನ್ನ ಕೈಗೆ ತಾಳ ಕೊಟ್ಟು ಕಂಬದ ಬುಡದಲ್ಲಿ ಕೂಡಿಸಿದರು. "ತಾಳ ಬಾರಿಸ್ಕೋತ ಎಲ್ಲಾರ ಕಾಲ ನೋಡು. ಕುಣಿಯೋರಿಗೆ ತಮ್ಮ ಕಾಲ ಕಾಣೂದಿಲ್ಲ." ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾರೆಂದೇ ತಿಳಿದೆ. ಆದರೂ ನೋಡಿದೆ. ಎಂಟು ಜೋಡಿ ಕಾಲುಗಳನ್ನು ಅಷ್ಟು ಆಸೆಯಿಂದ ಆ ಊರಿನಲ್ಲಿ ಇನ್ನಾರೂ ನೋಡಿರಲಿಕ್ಕಿಲ್ಲ.

ಊರಿನವರಿಗೆ ಇದು ಸರಿಬರಲಿಲ್ಲ. "ಸಾಲ್ಯಾಗ ಚಿಂದಿ ಹೊಸ್ಯಾಕ ಹಚ್ಯಾರಂತ," ಎಂದು ಕಟ್ಟೆಯ ಮೇಲೆ ನಗೆಯಾಡಿದರು. ಅಜ್ಜನೂ ಎಲೆಅಡಿಕೆ ಜಗಿಯುತ್ತ ಅವರ ನಗೆಗೆ ಸೇರಿಕೊಂಡಿದ್ದ. ಅಷ್ಟರಲ್ಲಿ ಸಾಲಿಗೆ ಹೊಸ ಮಾಡು ಹಾಕಿದರು. ಸುಗ್ಗಿ ಮುಗಿದ ಮೇಲೆ ಎಲ್ಲರೂ ಹಳ್ಳದ ಆಚೆ ಹೋಗುವುದೆಂದು ಗೊತ್ತಾಯಿತು. ನನ್ನನ್ನೂ ಕಳಿಸೋಣ ಎಂದು ಅವ್ವ ಒಲೆಯ ಮುಂದಿನಿಂದಲೇ ಮೆಲ್ಲಗೆ ಅಂದಳು. "ಎರಡ ಅಕ್ಷರ ಕಲತಾಳ, ಸಾಕು. ಮತ್ತ ಹೂತು ಬಿದ್ದರ ಯಾರ ಹೊಣಿ?" ಎಂದ ಅಜ್ಜ. ಅವನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಆ ಪ್ರೀತಿಗೆ ನನ್ನ ಕಾಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಾನು ಗ್ವಾದಲಿಯ ಮೂಲೆಗೆ ಹೋಗಿ ಎತ್ತಿನ ಕೊರಳಿಗೆ ಮುಖ ಒತ್ತಿ ಅತ್ತೆ. ಸಾಲಿ ಹೇಗೆ ನಡೆದು ಬಂದಿತ್ತೋ ಹಾಗೇ ನಡೆದು ಹೋಗುವುದಿತ್ತು, ನನ್ನೊಬ್ಬಳನ್ನು ಬಿಟ್ಟು.

ಹೋಗುವ ಹಿಂದಿನ ದಿನ ಅಕ್ಕೋರು ಊರಿನವರನ್ನೆಲ್ಲ ಪಡಸಾಲೆಗೆ ಕರೆದು ಜಡೆ ಕೋಲಾಟ ಇಟ್ಟರು. ಆಯಿ ಹಾಡಿದಳು, ನಾನು ತಾಳ ಹಿಡಿದೆ. ಜಡೆ ಸೊಗಸಾಗಿ ಇಳಿಯುತ್ತಿತ್ತು. ಕುಣಿಯುವ ಎಂಟು ಮಕ್ಕಳಲ್ಲಿ ಬಸ್ಯಾ ಒಬ್ಬ. ಅಷ್ಟರಲ್ಲಿ ಮುಂದೆ ಕುಳಿತಿದ್ದ ಅವನ ಅಪ್ಪ ತನ್ನ ಮಗ ಎಲ್ಲರ ಕಣ್ಣಿಗೆ ಬೀಳಲೆಂದು ಜೋರಾಗಿ ಕೆಮ್ಮಿದ. ಬಸ್ಯಾ ಅತ್ತ ತಿರುಗಿ ನಕ್ಕು, ಹೊರಗೆ ಹೋಗಬೇಕಾದವನು ಒಳಗೆ ಹೊಕ್ಕ. ನನ್ನ ತಾಳ ಒಂದು ಪೆಟ್ಟು ತಪ್ಪಿತು. ಬಸ್ಯಾನ ತಪ್ಪು ಬೇರೆ ಯಾರಿಗೂ ಕಾಣಲಿಲ್ಲ. ಬಿಚ್ಚುವ ಸುತ್ತಿನಲ್ಲಿ ಅರ್ಧಕ್ಕೆ ಬಂದು ಜಡೆ ಸಿಕ್ಕಿಕೊಂಡಿತು. ಮಕ್ಕಳು ಗಾಬರಿಯಿಂದ ಜಗ್ಗಾಡಿದರು, ಗಂಟು ಇನ್ನಷ್ಟು ಬಿಗಿಯಿತು. "ಚಿಂದಿ ಸಾಲಿ ಚಿಂದಿ ಆತ ನೋಡ್ರಿ," ಎಂದ ಯಾರೋ ಒಬ್ಬ. ಎಲ್ಲರೂ ನಕ್ಕರು. ಅಕ್ಕೋರ ಮುಖ ಬಾಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಜ್ಜ ಎದ್ದು, "ಕುಡಗೋಲ ತರ್ರಿ, ಕತ್ತರಿಸಿ ಒಗಿಯೂಣು," ಎಂದ. ಆಯಿ ಹಾಡು ನಿಲ್ಲಿಸಿ ಅವನಿಗೆ ಅಡ್ಡ ನಿಂತಳು. "ತೊಟ್ಟಿಲ ಕಟ್ಟೂ ಕೊಂಡಿಗೆ ಕುಡಗೋಲ ಹಚ್ಚತೀರೇನ್ರಿ? ಹೆಣದದ್ದು ಬಿಚ್ಚಿನಽ ತಗೀಬೇಕು."

ನನ್ನ ಬಾಯಿ ಯಾವಾಗ ತೆರೆಯಿತೋ ನನಗೇ ತಿಳಿಯದು. "ಯಾರೂ ಎಳೀಬ್ಯಾಡ್ರಿ! ನಿಂಗವ್ವಾ, ನೀ ಗಾಬರ‍್ಯಾಗಿ ಈ ಕಡೆ ಬಂದಿ, ತಿರಗಿ ನಿನ್ನ ಜಾಗಾಕ್ಕ ಹೋಗು. ಬಸ್ಯಾ, ನೀ ಆಕಿ ಹಗ್ಗದ ಕೆಳಗ ನುಸುಳಿ ಹೊರಗ ಬಾ."

"ನಾ ಏನೂ ತಪ್ಪಿಲ್ಲ!" ಎಂದ ಬಸ್ಯಾ.

"ನಿಮ್ಮಪ್ಪ ಕೆಮ್ಮಿದಾಗ ತಪ್ಪೀದಿ."

ಪಡಸಾಲೆ ಮತ್ತೆ ನಕ್ಕಿತು. ಈ ಸಲ ನಗೆಯ ರೀತಿ ಬೇರೆಯಾಗಿತ್ತು, ಬಸ್ಯಾನ ಅಪ್ಪನೂ ನಕ್ಕ. ನಾನು ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತ ಹೋದೆ: ಒಳಗ, ಹೊರಗ, ನಿಂದರು, ಈಗ ನೀ. ಮೊದಲು ನಿಂಗವ್ವನ ಕೆಂಪು ಹಗ್ಗ ಸಡಿಲಾಯಿತು. ಆಮೇಲೆ ಇಡೀ ಜಡೆ ತಾನೇ ಬಿಚ್ಚಿಕೊಂಡು ಎಂಟು ಹಗ್ಗ ಎಂಟು ಕಡೆ ತೂಗಾಡಿದವು. ಅಕ್ಕೋರು ಕಣ್ಣು ಒರೆಸಿಕೊಂಡರು. ಅಜ್ಜ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತ. ಯಾವಾಗಲೂ ಮೊದಲು ನನ್ನ ಕಾಲು ನೋಡುತ್ತಿದ್ದವನು ಅವತ್ತು ಮುಖ ನೋಡಿದ. "ಅಷ್ಟೂ ಮಂದಿ ಕಾಲ ಹೆಂಗ ನೆನಪಿಟ್ಟಿ?"

"ಅಕ್ಕೋರು ನೋಡು ಅಂದಿದ್ರು," ಎಂದೆ. ನನಗೆ ಗೊತ್ತಿದ್ದ ಉತ್ತರ ಅದೊಂದೇ.

ಮರುದಿನ ಬೆಳಿಗ್ಗೆ ಸಾಲಿಯ ಸಾಮಾನು ಒಯ್ಯಲು ಅಜ್ಜನೇ ಚಕ್ಕಡಿ ಹೂಡಿದ. ಹಲಗೆ, ನಕಾಶೆ, ಗಂಟೆ, ಪೆಟ್ಟಿಗೆ ಏರಿಸಿಯಾಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ಎತ್ತುಗಳನ್ನು ತುಸು ಮುಂದಕ್ಕೆ ಬಿಟ್ಟು, ತಡೆದು, ಇಳಿದು ಬಂದ. ನನ್ನನ್ನು ಎತ್ತಿ ಪೆಟ್ಟಿಗೆಯ ಮೇಲೆ ಕೂಡಿಸಿ, ಯಾರ ಮುಖವನ್ನೂ ನೋಡದೆ ಗೊಣಗಿದ: "ಸಾಲಿ ಸಾಮಾನೆಲ್ಲಾ ಹೋಗಬೇಕಂದ್ರ, ಇದೂ ಹೋಗಬೇಕಲ್ಲ." ಅವ್ವ ಒಳಗಿನಿಂದ ಓಡಿ ಬಂದು ರೊಟ್ಟಿಯ ಗಂಟನ್ನು ನನ್ನ ಮಡಿಲಿಗೆ ಎಸೆದಳು. ಮುಂದೆ ವರ್ಷಗಟ್ಟಲೆ, ಹೊಲಕ್ಕೆ ಹೋಗುವ ಚಕ್ಕಡಿ ದಿನಾ ಹಳ್ಳ ದಾಟಿ ನನ್ನನ್ನು ಇಳಿಸಿಯೇ ಹೊಲಕ್ಕೆ ಹೋಗುತ್ತಿತ್ತು. ಸಂಜೆ ನಾನು ಚಕ್ಕಡಿ ಏರಿದೊಡನೆ ಅಜ್ಜ ಕೇಳುತ್ತಿದ್ದದ್ದು ಒಂದೇ: "ಇವತ್ತ ಯಾವ ಗಂಟ ಬಿಚ್ಚಿದಿ, ಯವ್ವಾ?" ಭಾಗಾಕಾರ, ಗ್ರಹಣ, ಗೆಳತಿಯರ ಜಗಳ, ಏನು ಹೇಳಿದರೂ ಎತ್ತುಗಳಿಗೂ ಕೇಳಲಿ ಎನ್ನುವಷ್ಟು ಜೋರಾಗಿ "ಭಪ್ಪರೆ!" ಎನ್ನುತ್ತಿದ್ದ.

ಅಕ್ಕೋರಿಗೆ ಎರಡು ವರ್ಷದಲ್ಲಿ ತಮ್ಮ ಊರ ಕಡೆಗೇ ವರ್ಗವಾಯಿತು. ದೊಡ್ಡವಳಾದ ಮೇಲೆ ಅವರನ್ನು ಹುಡುಕಿಕೊಂಡು ರಾಮದುರ್ಗಕ್ಕೆ ಹೋಗಿದ್ದೆ. ಅವರಿಗೆ ಬಸ್ಯಾನೂ ನೆನಪಿರಲಿಲ್ಲ, ಸಿಕ್ಕಿಕೊಂಡ ಜಡೆಯೂ ನೆನಪಿರಲಿಲ್ಲ. "ನಿಮ್ಮ ಆಯಿ ಬೀಸೂ ಪದ ಭಾಳ ಚಲೋ ಹಾಡ್ತಿದ್ರು," ಎಂದು ಎರಡು ಸಾಲು ಹಾಡಿ ತೋರಿಸಿದರು. ಎಷ್ಟೋ ಊರುಗಳ ಎಷ್ಟೋ ಮಕ್ಕಳಿಗೆ ಹಾಗೆ ಕೊಟ್ಟು ಮರೆತವರು ಅವರು. ನಾನು ಅವರ ಕಾಲು ಮುಟ್ಟಿದೆ. ಈಗ ಅವರಿಲ್ಲ. ಆಯಿ, ಅಜ್ಜ ಹೋಗಿ ಬಹಳ ಕಾಲವಾಯಿತು. ಮನೆ ಕಾಕಾಗಳಲ್ಲಿ ಹಂಚಿಹೋಗಿ, ಅಲ್ಲಿ ಮೂರು ಸಿಮೆಂಟಿನ ಮನೆಗಳೆದ್ದಿವೆ. ತೊಲೆ ಇಳಿಸುವ ದಿನ ನಾನು ಹೋಗಿ ಆ ಕೊಂಡಿಯೊಂದನ್ನು ಬೇಡಿ ತಂದೆ.

ಈಗ ನಾನು ಭೂಮಾಪನದ ಕಚೇರಿಯಲ್ಲಿ ನಕ್ಷೆ ತೆಗೆಯುವವಳು. ಅಣ್ಣತಮ್ಮಂದಿರ ಹೊಲದ ಗೆರೆಗಳು ಒಂದರೊಳಗೊಂದು ಸಿಕ್ಕಿಕೊಂಡು ನನ್ನ ಮೇಜಿಗೆ ಬರುತ್ತವೆ. ಯಾರು ಎಲ್ಲಿ ಒಳಗೆ ಬಂದರು, ಯಾರು ಎಲ್ಲಿ ಹೊರಗೆ ಹೋದರು ಎಂದು ಹಿಂದಕ್ಕೆ ನಡೆದು ನೋಡುವುದೇ ನನ್ನ ಕೆಲಸ. ಅದನ್ನು ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಮಧ್ಯಾಹ್ನದ ಸಾಲಿಯಲ್ಲಿ ಎನ್ನುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ. ಸಂಜೆ ಮನೆಗೆ ಬಂದು ಕೀಲಿ ತೆಗೆದರೆ ಎದುರಿಗೇ ಆ ಕೊಂಡಿ ಇದೆ, ಗೋಡೆಯ ಮೊಳೆಗೆ ತೂಗಿ ಹಾಕಿದ್ದೇನೆ. ಚೀಲ ಇಳಿಸುವ ಮೊದಲು ಅದರ ಕೆಳಗೆ ಒಂದು ಗಳಿಗೆ ನಿಲ್ಲುತ್ತೇನೆ. ಕೇಳುವವರು ಯಾರೂ ಇಲ್ಲ. ಆದರೂ ಇವತ್ತು ಯಾವ ಗಂಟು ಬಿಚ್ಚಿದೆನೆಂದು ಹೇಳಿಯೇ ಒಳಗೆ ಹೋಗುತ್ತೇನೆ.