ದಣಿದ ತೋಳಿನ ಸಪ್ಪಳ

ಧಾರವಾಡದ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದ ಮಾಸ್ತರರ ಎಡರಟ್ಟೆಯ ಮೇಲೆ ಎರಡು ಕಡೆ ರೂಪಾಯಿಯಗಲ ಕೂದಲೇ ಇರಲಿಲ್ಲ. ತಾವೇ ಬೋಳಿಸಿಕೊಳ್ಳುತ್ತಿದ್ದರು. ಅಲ್ಲಿ ಉಪ್ಪುನೀರಿನಲ್ಲಿ ನೆನೆಸಿದ ಅರಿವೆ, ಮೇಲೊಂದು ಬೆಳ್ಳಿಯ ಬಿಲ್ಲೆ, ಬಿಲ್ಲೆಯಿಂದ ತಂತಿ. ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರು ಕಟ್ಟಿಕೊಟ್ಟ ಪೆಟ್ಟಿಗೆಗೆ ಆ ತಂತಿ ಸೇರಿಸಿದರೆ, ಬಿಗಿದ ಸ್ನಾಯುವಿನಲ್ಲಿ ಹುಟ್ಟುವ ವಿದ್ಯುತ್ತು ಸ್ಪೀಕರಿನಲ್ಲಿ ಸದ್ದಾಗಿ ಕೇಳಿಸುತ್ತಿತ್ತು. ಟಪಾಲಿನವನು ಬಂದರೂ ಬಿಡುತ್ತಿರಲಿಲ್ಲ. "ತೋಳು ಚಾಚ್ರಿ, ನಿಮ್ಮ ಸಪ್ಪಳ ಕೇಳೂಣು" ಎಂದು ಕೂಡಿಸಿಕೊಳ್ಳುತ್ತಿದ್ದರು.

ಯುದ್ಧದ ಕಾಲ. ವಿಷಮಜ್ವರದಿಂದ ಎದ್ದ ಮೇಲೆ ಬರೆಯಲು ಕೂತರೆ ನನಗೆ ಹತ್ತು ನಿಮಿಷಕ್ಕೇ ಕೈ ಸೋಲುತ್ತಿತ್ತು. ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನನ್ನಪ್ಪ, "ಓದಾಕ ಮನಸ್ಸಿಲ್ಲ, ನೆವ ಹೇಳ್ತಾಳ" ಎಂದು ಕಾಲೇಜಿನಿಂದ ನನ್ನ ಹೆಸರು ತೆಗೆಸಲು ಅರ್ಜಿ ಹಿಡಿದು ಮಾಸ್ತರರ ಹತ್ತಿರ ಬಂದೇಬಿಟ್ಟರು.

"ಅರ್ಜಿ ಆಮ್ಯಾಲ ಕೊಡ್ರಂತ, ಸಾಹುಕಾರ್ರ. ಮೊದಲ ಇದನ್ನ ಹಿಡೀರಿ." ಮಾಸ್ತರರು ಅಪ್ಪನ ರಟ್ಟೆಗೆ ಬಿಲ್ಲೆ ಕಟ್ಟಿ, ಕೈಗೆ ತೂಕದ ಕಲ್ಲು ಕೊಟ್ಟರು.

"ಇಷ್ಟ ಏನ್ರಿ?" ಅಪ್ಪ ನಕ್ಕರು.

ಮೊದಲು ಒಗ್ಗರಣೆಯ ಸಾಸಿವೆ ಸಿಡಿದಂಥ ಸದ್ದು. ಹೊತ್ತು ಹೋದಂತೆ, ತೋಳು ಅಲ್ಲಾಡದಿದ್ದರೂ, ಅದು ಜೋರಾಯಿತು, ದಪ್ಪವಾಯಿತು. ಕೊನೆಗೆ ಹತ್ತಿ ಬಿಡಿಸುವ ಜಿನ್ನಿಂಗ್ ಗಿರಣಿಯಂತೆ ಮೊರೆಯಿತು. ಅಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು.

"ಕಲ್ಲು ಭಾರ ಆತೇನ್ರಿ?"

"ಕಲ್ಲು ಇದ್ದಷ್ಟ ಐತಲ್ರಿ!"

"ಹೌದ್ರಿ. ಆದ್ರ ಸ್ನಾಯುವಿನ ಎಳಿ ದಣಿದಾವು. ಅದ ಕಲ್ಲು ಹಿಡಿಯಾಕ ಮತ್ತಷ್ಟು ಎಳಿ ಕೆಲಸಕ್ಕ ಬರಬೇಕು. ಅದಕ್ಕ ಸಪ್ಪಳ ಏರೇತಿ."

ಆಮೇಲೆ ನನ್ನ ಸರದಿ. ಕೈಗೆ ಬರೀ ಒಂದು ಪುಸ್ತಕ. ಒಂದೇ ನಿಮಿಷಕ್ಕೆ ಅದೇ ಮೊರೆತ ಎದ್ದಿತು.

"ನೆವ ಇದ್ದಿದ್ರ ಕೈ ಸಡಿಲ ಬಿಡ್ತಿದ್ಲು, ಸಪ್ಪಳ ಇಳೀತಿತ್ರಿ," ಮಾಸ್ತರರು ಮೆಲ್ಲಗೆ ಹೇಳಿದರು. "ನಿಮ್ಮ ಮಗಳು ನಿಮಗಿಂತ ಹೆಚ್ಚು ದುಡಿಯಾಕತ್ತಾಳ."

ಅಪ್ಪ ಅರ್ಜಿಯನ್ನು ಮಡಚಿ ಕೋಟಿನ ಕಿಸೆಗೆ ಹಾಕಿಕೊಂಡರು. ಬಳಿಕ ಇನ್ನೊಂದು ತೋಳು ಚಾಚಿ, "ಈ ಕೈಯಾಗ ಇನ್ನೊಮ್ಮೆ ಹಿಡೀಲೇನ್ರಿ?" ಎಂದರು. ನಾವು ಮೂವರೂ ನಕ್ಕೆವು.

ಐದು ನಿಮಿಷ ಬರೆದು ಎರಡು ನಿಮಿಷ ಬಿಡುವುದನ್ನು ಮಾಸ್ತರರೇ ರೂಢಿ ಮಾಡಿಸಿದರು. ಪರೀಕ್ಷೆಯ ಹೊತ್ತಿಗೆ ಕೈಗೆ ಕಸುವು ಬಂತು. ಪಾಸಾದೆ, ನಾನೂ ಕಲಿಸುವವಳಾದೆ.

ಕೆಲವು ವರ್ಷಗಳ ಮೇಲೆ ಮಾಸ್ತರರು ತೀರಿಕೊಂಡಾಗ, ಧಾರವಾಡದಲ್ಲೇ, ಸಪ್ತಾಪುರದಲ್ಲಿದ್ದ ನನಗಿಂತ ಮೊದಲೇ ಅಪ್ಪ ಹುಬ್ಬಳ್ಳಿಯಿಂದ ಬಂದು ಅವರ ಮನೆ ಮುಟ್ಟಿದ್ದರು. ಅಂತ್ಯಯಾತ್ರೆಯಲ್ಲಿ ಹೆಗಲು ಕೊಟ್ಟವರು ದಾರಿಯಲ್ಲಿ ಒಬ್ಬೊಬ್ಬರಾಗಿ ಬದಲಾದರು. ಅಪ್ಪ ಮಾತ್ರ ಕೊನೆಯತನಕ ಯಾರಿಗೂ ಬಿಟ್ಟುಕೊಡಲಿಲ್ಲ.