ಹಿಂದಿನ ಸೀಟಿನ ಭಾರ

ನನ್ನ ಮೈದುನನಿಗೆ ಬಂಗಾರಪೇಟೆಯಲ್ಲಿ ಕಾರು ರಿಪೇರಿಯ ಶೆಡ್ಡಿತ್ತು. ತೊಂಬತ್ತರ ದಶಕದಲ್ಲಿ ರಸ್ತೆಗೆ ಬಂದ ಹೊಸ ಕಾರುಗಳಲ್ಲಿ ಅವನಿಗೆ ಒಂದೂ ಹಿಡಿಸಲಿಲ್ಲ. ಎಲ್ಲಾ ಮುಂದಿನ ಚಕ್ರ ಎಳೆಯುವಂಥವು, ಇವಕ್ಕೂ ಎತ್ತಿನಗಾಡಿಗೂ ಏನು ವ್ಯತ್ಯಾಸ ಎನ್ನುತ್ತಿದ್ದ. ಭಾನುವಾರ ಊಟಕ್ಕೆ ಬಂದರೆ ಇದೇ ಮಾತು. ಎರಡೇ ಬಾಗಿಲಿನ, ಉದ್ದ ಮೂತಿಯ, ಹಿಂದಿನ ಚಕ್ರ ತಳ್ಳುವ ಆ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಕಂಪನಿಗಳು ಮತ್ತೆ ಮಾಡಬೇಕಂತೆ, ನಮ್ಮಂಥವರ ಕೈಗೆಟಕುವ ಬೆಲೆಗೆ ಮಾಡಬೇಕಂತೆ. "ಅಪ್ಪನ ಕಾರಿನ ಸುಖ ಇವಕ್ಕೆಲ್ಲಿ ಬತ್ತದೆ ಅತ್ತಿಗೆ?" ಎಂದು ಒಮ್ಮೆ ನನ್ನನ್ನೇ ಕೇಳಿದ. ಸಾರಿನ ಸೌಟು ಕೈಯಲ್ಲೇ ಇತ್ತು, ಬಡಿಯದೆ ಬಿಟ್ಟದ್ದು ಅವನ ಪುಣ್ಯ. ಆ ಕಾರನ್ನು ಹೊಗಳುವವರೆಲ್ಲ ಸ್ಟೀರಿಂಗ್ ಹಿಡಿದವರು. ಹಿಂದೆ ಕೂತವಳು ನಾನು.

ಮಾವ ಚಿನ್ನದ ಗಣಿಯಲ್ಲಿ, ಮೈಸೂರು ಮೈನ್ಸಿನ ಸಾಹೇಬರೊಬ್ಬರ ಡ್ರೈವರ್ ಆಗಿದ್ದವರು. ಸಾಹೇಬರು ಊರು ಬಿಡುವಾಗ ತಮ್ಮ ಕೆಂಪು ಕಾರನ್ನು ಇವರಿಗೇ ಕೊಟ್ಟು ಹೋದರು. ಗಣಿ ಕೆಲಸಗಾರರ ಲೈನ್ ಮನೆಯ ಮುಂದೆ ಅಂಥ ಕಾರು ನಿಂತರೆ ಕೇಳಬೇಕೆ, ಬೀದಿಗೆ ಬೀದಿಯೇ ಬಂದು ನೋಡಿತು. ಚೆಂದವಿತ್ತು, ನಾನೇನು ಇಲ್ಲ ಅನ್ನುವುದಿಲ್ಲ. ಆದರೆ ಮುಂದೆ ಎಡಗಡೆಯ ಸೀಟು ಸಾಹೇಬರದು. ಅವರು ಹೋದ ಮೇಲೂ ಅವರದೇ. ಮಾವ ಅದಕ್ಕೆ ಬಿಳಿ ಟವಲ್ ಹೊದಿಸಿ ದಿನಾ ಬೆಳಿಗ್ಗೆ ಒರೆಸುತ್ತಿದ್ದರು. ಯಾರನ್ನೂ ಕೂರಿಸುತ್ತಿರಲಿಲ್ಲ, ಅತ್ತೆಯನ್ನೂ.

ಹಿಂದೆ ಕೂರಲು ಆ ಸೀಟನ್ನು ಮಡಚಿ ನುಸುಳಬೇಕು. ಅದರ ಕೊಂಡಿ ಮುರಿದಿತ್ತು. ನಾನು ಒಳಗೆ ಸೇರಿದ ಮೇಲೆ ಮಾವ ಸೀಟನ್ನು ಹಿಂದಕ್ಕೆ ತಳ್ಳಿ, ಅದು ಅಲುಗಾಡದಂತೆ ಬಾಗಿಲ ಕಡೆಯಿಂದ ತಂತಿ ಬಿಗಿಯುತ್ತಿದ್ದರು. ಅವರು ಬಂದು ಬಿಚ್ಚಿದರೆ ಮಾತ್ರ ನಾನು ಹೊರಗೆ. ಪಕ್ಕದ ಗಾಜು ಇಳಿಸಲು ಬರುತ್ತಿರಲಿಲ್ಲ. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು, ಕಣ್ಣಿಗೆ ಕಾಣುತ್ತಿದ್ದದ್ದು ಮಾವನ ಕುತ್ತಿಗೆ ಒಂದೇ.

ಹಾಗಾದರೆ ಹತ್ತುವುದೇಕೆ ಅಂತೀರಾ? ಮಳೆ ಬಿದ್ದರೆ ಸೈನೈಡ್ ದಿಬ್ಬದ ಮಣ್ಣು ಕರಗಿ ರಸ್ತೆಗೆ ಬರುತ್ತಿತ್ತು. ಚಿನ್ನ ತೆಗೆದು ಬಿಸಾಡಿದ ಆ ನುಣುಪು ಮಣ್ಣಿನಲ್ಲಿ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತಿತ್ತು, ಏರು ಹತ್ತುತ್ತಿರಲಿಲ್ಲ. ಚಕ್ರದ ಮೇಲೆ ಭಾರ ಬೇಕು. ಮಾವ ಎಲ್ಲಿಗೆ ಹೊರಟರೂ ಅಡಿಗೆಮನೆಗೆ ಕೂಗು ಬರುತ್ತಿತ್ತು: "ಅಮ್ಮಣ್ಣಿ, ಇಂದ್ಗಡೆ ಕೂತ್ಕೋ ಬಾ, ಭಾರ ಬೇಕು." ಅತ್ತೆಗೆ ಕಾಲು ನೋವು. ಗಂಡ ಒಂದೋ ಶಿಫ್ಟಿನಲ್ಲಿ, ಇಲ್ಲಾ ನಿದ್ದೆಯಲ್ಲಿ. ಅಪ್ಪನಿಗೆ ಎದುರಾಡಬೇಡ ಎನ್ನುವುದಕ್ಕೆ ಮಾತ್ರ ಎಚ್ಚರ. ಒಲೆಯ ಮೇಲೆ ಅನ್ನ ಇದ್ದರೂ ಇಳಿಸಿಟ್ಟು ಹೋಗಿ ಕೂರುತ್ತಿದ್ದೆ.

ಅಂಥದ್ದರಲ್ಲಿ ನನಗೆ ಬೇತಮಂಗಲದ ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತು. ಸೇರಿಕೊಳ್ಳಲು ಕೊಟ್ಟ ಗಡುವಿನ ಕೊನೆಯ ದಿನದವರೆಗೂ ಮನೆಯಲ್ಲಿ ಹೂಂ ಅನ್ನಿಸಲು ಆಗಲಿಲ್ಲ. ಆ ದಿನ ಮಧ್ಯಾಹ್ನದೊಳಗೆ ಹೋಗದಿದ್ದರೆ ಕೆಲಸ ಬೇರೆಯವರಿಗೆ. ನಾನು ಬಸ್ಸಿಗೆ ಹೊರಟರೆ, ನಮ್ಮನೆ ಸೊಸೆ ಬಸ್ಸಿನಲ್ಲಿ ನೇತಾಡುವುದು ಬೇಡ, ನಾನೇ ಬಿಡುತ್ತೇನೆ ಎಂದರು ಮಾವ. ಹತ್ತಿದೆ. ತಂತಿ ಬಿಗಿದರು.

ತುಂತುರು ಮಳೆ. ದಿಬ್ಬದ ಕೆಳಗಿನ ಟೀ ಅಂಗಡಿಯ ಹತ್ತಿರ ಹಳೆಯ ಸ್ನೇಹಿತರು ಕೈ ತೋರಿಸಿದ್ದೇ ತಡ, ಮಾವ ಇಳಿದರು, ಬಾಗಿಲು ಹಾಕಿದರು, ಬಾನೆಟ್ ಎತ್ತಿದರು. ಶುರುವಾಯಿತು ಪುರಾಣ. ನಾನು ಗಾಜು ಬಡಿದೆ. ಇರು ಎಂದು ಕೈಸನ್ನೆ ಮಾಡಿದರು. ಮತ್ತೆ ಬಡಿದೆ, ಈ ಸಲ ತಿರುಗಿಯೂ ನೋಡಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒಳಗೆ ನನ್ನ ಉಸಿರಿಗೇ ಗಾಜು ಮಬ್ಬಾಯಿತು. ಆ ಮಬ್ಬಿನಲ್ಲೇ ಬೇತಮಂಗಲದ ಬಸ್ಸು ಬಂದು ನಿಂತದ್ದು ಕಾಣಿಸಿತು. ಕಂಡಕ್ಟರ್ ಇಳಿದು ಟೀ ಹೇಳಿದ. ಮಧ್ಯಾಹ್ನದೊಳಗೆ ಬೇರೆ ಬಸ್ಸಿಲ್ಲ.

ಮುಂದೆ ಇದ್ದದ್ದು ಸಾಹೇಬರ ಸೀಟು. ಅದನ್ನು ಹತ್ತಿ ದಾಟಿದರೆ ಬಾಗಿಲು ಸಿಗುತ್ತದೆ, ಅಷ್ಟೇ. ಆದರೆ ಮಾವ ಕೈಮುಗಿಯುವುದೊಂದು ಬಾಕಿ ಇರುವ ಜಾಗಕ್ಕೆ ಸೊಸೆ ಕಾಲಿಡುವುದುಂಟೆ, ಅದೂ ಅಷ್ಟು ಗಂಡಸರ ಎದುರು ಸೀರೆ ಎತ್ತಿಕೊಂಡು? ಕಂಡಕ್ಟರ್ ಲೋಟ ಕೆಳಗಿಟ್ಟ. ಹಾಳಾಗಿ ಹೋಗಲಿ ಎಂದು ಬಿಳಿ ಟವಲಿನ ಮೇಲೆ ಕೆಸರುಗಾಲು ಇಟ್ಟೇಬಿಟ್ಟೆ. ಬಾಗಿಲು ತೆಗೆದು ನಾನು ರಸ್ತೆಗೆ ಬಿದ್ದಂತೆ ಇಳಿದಾಗ ಅಷ್ಟೂ ಜನ ತಿರುಗಿ ನೋಡಿದರು. ಮಾವನ ಮುಖ ನೋಡುವ ಧೈರ್ಯವಾಗಲಿಲ್ಲ. ಓಡಿ ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದರೆ ಮಾವ ಹಿಂದೆ ಬರಲು ಕಾರು ಹೊರಡಿಸಿದ್ದರು, ಏರಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತಿತ್ತು.

ಕೆಲಸಕ್ಕೆ ಸೇರಿದೆ. ದಿನವಿಡೀ ಸಂಜೆಯ ಭಯವೇ. ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು?

ಸ್ಕೂಲು ಬಿಟ್ಟಾಗ ಗೇಟಿನ ಎದುರು ಕೆಂಪು ಕಾರು ನಿಂತಿತ್ತು. ಮಾವ ಬೆಳಗಿನ ವಿಷಯ ಎತ್ತಲೇ ಇಲ್ಲ. ಎಡಗಡೆಯ ಬಾಗಿಲು ತೆಗೆದರು. ಸೀಟಿನ ಮೇಲೆ ಟವಲ್ ಇರಲಿಲ್ಲ.

"ಭಾರಕ್ಕೆ ಮೂಟೆ ಆಕಿದೀನಿ," ಎಂದರು ಬೇರೆಲ್ಲೋ ನೋಡುತ್ತ. "ನೀನು ಮುಂದ್ಗಡೆ ಕೂತ್ಕೋ ಅಮ್ಮಣ್ಣಿ."

ಬಗ್ಗಿ ನೋಡಿದೆ. ನಾನು ಕೂರುತ್ತಿದ್ದ ಜಾಗದಲ್ಲಿ ಎರಡು ಗೋಣಿಚೀಲ, ದಿಬ್ಬದ ಮಣ್ಣು ತುಂಬಿದ್ದು. ಇಷ್ಟು ವರ್ಷ ಮಾವನಿಗೆ ಇದು ಹೊಳೆದಿರಲಿಲ್ಲವೋ, ಅಥವಾ ಸೊಸೆ ಇರುವಾಗ ಮಣ್ಣು ಹೊರುವ ಕಷ್ಟ ಯಾಕೆ ಅಂತಲೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಸಾಹೇಬರ ಸೀಟಿನಲ್ಲಿ ಕೂತೆ. ಮಳೆ ನಿಂತಿರಲಿಲ್ಲ. ದಿಬ್ಬದ ಏರು ಬಂದಾಗ ಕಾರು ಒಂಚೂರೂ ಜಾರದೆ, ನಾನು ಹಿಂದೆ ಕೂತಾಗ ಹತ್ತುತ್ತಿದ್ದ ಹಾಗೆಯೇ ಹತ್ತಿತು. ಅಲ್ಲಿಯವರೆಗೂ ತಡೆದಿದ್ದ ಅಳು ಬಂದದ್ದು ಆಗ.